ರೊಟ್ಟಿ ಮುರಿಯುವ ಕೈ

ಇನ್ನು ಮೇಲೆ ಗಟ್ಟಿಯಾಗಿ ಮಾತಾಡಬಾರದು, ಹಾಡಬಾರದು, ಕೂಗಿ ಪ್ರಾರ್ಥನೆ ಮಾಡಲೇಬಾರದು ಎಂದು ಗಂಟಲಿನ ಡಾಕ್ಟರು ಪಾಸ್ಟರ್ ಮುನಿರಾಜ್ ಅವರಿಗೆ ಹೇಳಿದ ದಿನ ಸಂಜೆ ಅವರ ಮನೆಯಲ್ಲಿ ಮುದ್ದೆ ಮತ್ತು ಹುರುಳಿಕಾಳಿನ ಸಾರು. ಮುನಿರಾಜ್ ಎರಡು ತುತ್ತು ನುಂಗಿ, ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಪಿಸುದನಿಯಲ್ಲಿ ಹೇಳಿದರು:

“ಏಪ್ರಿಲ್ ಎರಡನೇ ಭಾನುವಾರ ಹೊಸಕೋಟೆ ಪಾಸ್ಟರ್ ಬರ್ತಾರೆ. ನನ್ನ ಜಾಗಕ್ಕೆ ಸುನಿಲನಿಗೆ ಪಾಸ್ಟರ್ ಅಭಿಷೇಕ.”

ಸಾರು ಬಡಿಸಿಕೊಳ್ಳುತ್ತಿದ್ದ ಮಗ ಸುನಿಲ್‌ಕುಮಾರ್ ಸೌಟನ್ನು ಪಾತ್ರೆಯಲ್ಲೇ ಬಿಟ್ಟ.

“ಯಾವ ಸುನಿಲ?”

“ಈ ಮನೇಲಿ ಎಷ್ಟು ಜನ ಸುನಿಲ ಇದಾರೋ?” ಎಂದಳು ತಾಯಿ ಅಂಜಿನಮ್ಮ.

“ನನ್ನ ಒಂದ್ಮಾತು ಕೇಳಿದ್ರಾ?”

“ಈಗ ಹೇಳ್ತಿದೀನಲ್ಲ,” ಎಂದರು ಮುನಿರಾಜ್.

“ಹೇಳೋದು ಬೇರೆ, ಕೇಳೋದು ಬೇರೆ ಅಪ್ಪ. ಆ ವಾರ ನಂಗೆ ಫ್ಯಾಕ್ಟರೀಲಿ ಭಾನುವಾರಾನೂ ಡ್ಯೂಟಿ.”

“ಶಿಫ್ಟ್ ಬದ್ಲಾಯಿಸ್ಕೋ.”

“ಶಿಫ್ಟ್ ಬದ್ಲಾಯಿಸ್ಕೊಬೋದು. ಮನಸ್ಸು ಯಾರ್ ಹತ್ರ ಬದ್ಲಾಯಿಸ್ಕೊಳ್ಲಿ?”

ಸೊಸೆ ಕವಿತ, ಎರಡನೇ ಕ್ಲಾಸಿನ ಮಗಳು ಸಿಂಚನಳ ತಟ್ಟೆಗೆ ಸಾರು ಹಾಕುತ್ತ, ತಲೆ ಎತ್ತದೆ ಕೇಳಿದಳು: “ಸಭೆಯವ್ರನ್ನ ಕೇಳಿದ್ರಾ ಮಾವ?”

“ಬೈಬಲ್ಲಲ್ಲಿ ಆರೋನನ್ನ ಯಾಜಕ ಮಾಡುವಾಗ ದೇವರು ಯಾವ ಸಭೆ ಕೇಳ್ದ? ಅಪ್ಪ ಆದ್ಮೇಲೆ ಮಗ. ಅದು ಕ್ರಮ.”

“ಆರೋನನ ಇಬ್ರು ಮಕ್ಕಳು ದೇವರಿಗೆ ಬೇಡದ ಬೆಂಕಿ ತಗೊಂಡೋಗಿ ಸುಟ್ಟೋದ್ರಲ್ಲ. ಅದೂ ಅಲ್ಲೇ ಬರ್ದಿದೆ.”

“ಊಟದ ಹೊತ್ತಲ್ಲಿ ಸತ್ತೋರ ಸುದ್ದಿ ತೆಗೀಬೇಡ,” ಎಂದಳು ಅಂಜಿನಮ್ಮ.

“ತೆಗೆದಿದ್ದು ಮಾವ. ನಾನು ಮುಗಿಸ್ದೆ ಅಷ್ಟೆ.”

ಮುನಿರಾಜ್ ಇಂಥ ಮಾತು ಆಡುತ್ತಾರೆಂದು ಆ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಹಿಂದೆ ತಮ್ಮ ಹಳ್ಳಿಯಲ್ಲಿ ದೇವಿಯ ಗುಡಿಯ ಹೊರಗೆ ಟವೆಲು ಚಾಚಿ ನಿಂತು, ಪೂಜಾರಿ ಮೇಲಿನಿಂದ ಹಾಕಿದ ಪ್ರಸಾದ ಹಿಡಿದವರು ಅವರು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ ಸೇರಿದ ಮೇಲೆ ಜೊತೆಯವನೊಬ್ಬ ಪ್ರಾರ್ಥನೆಗೆ ಕರೆದುಕೊಂಡು ಹೋದ. ದೇವರಿಗೂ ಮನುಷ್ಯನಿಗೂ ನಡುವೆ ಇನ್ನು ಪೂಜಾರಿ ಬೇಕಿಲ್ಲ, ಯೇಸುವನ್ನು ನಂಬಿದವರೆಲ್ಲರೂ ಯಾಜಕರೇ ಎಂದು ಅಲ್ಲಿ ಕೇಳಿದ ಒಂದು ಮಾತು ಅವರನ್ನು ಹಿಡಿದುಬಿಟ್ಟಿತು. ಮೂವತ್ತು ವರ್ಷ ಅದನ್ನೇ ಸಾರಿದರು. ಬಾಶೆಟ್ಟಿಹಳ್ಳಿಯಲ್ಲಿ ತಮ್ಮ ಸೈಟಿನಲ್ಲೇ, ಮನೆಗೆ ಅಂಟಿದಂತೆ, ಶೀಟಿನ ಮಂದಿರ ಕಟ್ಟಿದರು. ಅವರು ಅದನ್ನೆಲ್ಲ ತೋರಿಕೆಗೆ ಸಾರಲಿಲ್ಲ, ನಂಬಿಯೇ ಸಾರಿದರು. ಈಗ ಆರೋನನ ಮಾತನ್ನೂ ನಂಬಿಯೇ ಆಡಿದರೋ, ಗಂಟಲು ಹೋದ ಹೆದರಿಕೆಯಲ್ಲಿ ಆಡಿದರೋ, ಖಚಿತವಾಗಿ ಹೇಳುವುದು ಕಷ್ಟ.

ಪಾತ್ರೆ ತೊಳೆಯುವಾಗ ಅಂಜಿನಮ್ಮ ತನ್ನ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

“ಬೇರೆಯವ್ರು ಪಾಸ್ಟರ್ ಆದ್ರೆ ಸೈಟು ಯಾರ್ದು, ಶೀಟು ಯಾರ್ದು? ನಾಳೆ ಸಭೆ ಹಿರಿಯ ಆ ವೇಣುಗೋಪಾಲ್ ವೇದಿಕೆ ಮೇಲೆ ನಿಂತ್ಕೊಂಡು, ಅಂಜಿನಮ್ಮ, ಮಂದಿರದ ಗೋಡೆಗೆ ಕಟ್ಟಿರೋ ಬಟ್ಟೆ ತಂತಿ ಬಿಚ್ಚು ಅಂತಾನೆ.”

“ವೇಣುಗೋಪಾಲಣ್ಣ ಹಂಗೆಲ್ಲ ಅನ್ನಲ್ಲ ಅತ್ತೆ.”

“ಪಾಸ್ಟರ್ ಆಗೋಗಂಟ ಯಾರೂ ಅನ್ನಲ್ಲ.”

“ನಾನಾದ್ರೆ? ಸೈಟು ಮನೇಲೇ ಇರುತ್ತಲ್ಲ.”

ಅಂಜಿನಮ್ಮ ಕೈಲಿದ್ದ ತಪ್ಪಲೆಯನ್ನು ಕೆಳಗಿಟ್ಟು ಸೊಸೆಯ ಮುಖ ನೋಡಿದಳು. ತಮಾಷೆಯಲ್ಲ ಎಂದು ಗೊತ್ತಾಯಿತು.

“ನೀನಾ? ನೀನು ನಿನ್ನೆ ಮೊನ್ನೆ ಸೂಲಿಬೆಲೆಯಿಂದ ಬಂದೋಳು.”

“ಒಂಬತ್ತು ವರ್ಷ ಆಯ್ತು.”

“ಬರುವಾಗ ಬಾಯಿ ಇರ್ಲಿಲ್ಲ. ಇಲ್ಲಿ ಬೆಳೀತು.”

ಕವಿತ ಸೂಲಿಬೆಲೆ ಕಡೆಯ, ಡೈರಿಗೆ ಹಾಲು ಹಾಕುವ ಮನೆಯವಳು. ಅವಳು ದೀಕ್ಷಾಸ್ನಾನ ಮಾಡಿಸಿಕೊಂಡದ್ದು ಸುನಿಲನನ್ನು ಮದುವೆಯಾಗಲಿಕ್ಕೆ. ಅದನ್ನು ಅವಳು ಎಂದೂ ಮುಚ್ಚಿಟ್ಟವಳಲ್ಲ. ಆದರೆ ಸಿಂಚನ ಹುಟ್ಟಿದ ಮೇಲೆ ಬೈಬಲ್ ಹಿಡಿದು ಕುಳಿತವಳು ಅದನ್ನು ಬಿಡಲಿಲ್ಲ. ಗಾರ್ಮೆಂಟ್ಸ್ ಹೆಂಗಸರ ಶುಕ್ರವಾರದ ಪ್ರಾರ್ಥನೆ ಅವಳದೇ. ಆಸ್ಪತ್ರೆಯಲ್ಲಿ ಮಲಗಿದವರ ಹತ್ತಿರ ಕೂರುವವಳು, ಹೆಣಕ್ಕೆ ಸ್ನಾನ ಮಾಡಿಸುವವಳು, ಜಗಳವಾಡಿದ ಗಂಡಹೆಂಡಿರನ್ನು ಎದುರುಬದುರು ಕೂರಿಸುವವಳು ಅವಳೇ. ಮಂದಿರದ ಬೀಗದ ಕೈ ಮೂರು ವರ್ಷದಿಂದ ಅವಳ ಹತ್ತಿರವಿತ್ತು.

ಮುಂದಿನ ಭಾನುವಾರ ಆರಾಧನೆ ಮುಗಿದು ಅನ್ನ, ಸಾಂಬಾರಿನ ಊಟ ನಡೆಯುತ್ತಿರುವಾಗ ನಾಲ್ಕು ಜನ ಹೆಂಗಸರು ಎಲೆ ಬಿಟ್ಟೆದ್ದು ಮುನಿರಾಜ್ ಹತ್ತಿರ ಹೋಗಿ, ಕೈಮುಗಿದು, “ಸ್ತೋತ್ರ ಪಾಸ್ಟ್ರೇ. ಸುನಿಲಣ್ಣಂಗೆ ಫ್ಯಾಕ್ಟರಿ ಕೆಲ್ಸ ಇದೆ. ಕವಿತಕ್ಕನೇ ನಡಿಸ್ಲಿ ಬಿಡಿ,” ಎಂದರು. ಮುನಿರಾಜ್ ತಲೆಯಾಡಿಸಿ ಕಳಿಸಿದರು. ಸಂಜೆ ಕಾಫಿ ಲೋಟ ಮುಟ್ಟದೆ ಸೊಸೆಯನ್ನು ಕರೆದರು.

“ಹೆಂಗಸ್ರನ್ನ ಎತ್ತಿಕಟ್ಟಿದ್ಯಾ?”

“ಅವ್ರಿಗೆ ಬಾಯಿದೆ ಮಾವ. ನಾನ್ಯಾಕೆ ಎತ್ತಿಕಟ್ಲಿ?”

“ನಂಬಿಕೇಲಿ ಬೆಳವಣಿಗೆ ಅಂತ ಒಂದಿದೆ ಕಣಮ್ಮ. ನೀನಿನ್ನೂ ಹಾಲು ಕುಡಿಯೋ ಕೂಸು. ಗಟ್ಟಿ ಆಹಾರಕ್ಕೆ ಹೊತ್ತಿದೆ.”

“ಹಸು ಕಟ್ಟಿರೋ ಮನೇಲಿ ಹುಟ್ಟಿದೀನಿ. ಕರು ಯಾವಾಗ ಹುಲ್ಲು ಕಚ್ಚುತ್ತೆ ಅಂತ ನಂಗೆ ಹೇಳಿಕೊಡ್ಬೇಡಿ.”

“ಅಹಂಕಾರ.”

“ಆಯ್ತು, ಅಹಂಕಾರ. ಗಟ್ಟಿ ಆಹಾರ ತಿಂದಿರೋ ನಿಮ್ಮ ಮಗ ಈಗ ಏನ್ಮಾಡ್ತಿದಾರೆ? ಕ್ರಿಕೆಟ್ ನೋಡ್ತಿದಾರೆ.”

ಒಳಗಿನಿಂದ ಸುನಿಲ್ ಹೇಳಿದ: “ನನ್ಯಾಕೆ ಎಳೀತೀರಾ? ಇನ್ನೆರಡು ಓವರ್ ಇದೆ.”

ಆ ವಾರವೇ ಮನೆಯ ಗೇಟಿಗೆ ಫ್ಲೆಕ್ಸ್ ಬಂತು. ಮದುವೆ ಆಲ್ಬಮ್ಮಿನಿಂದ ಕತ್ತರಿಸಿದ ಮುಖ. ಹೂಮಾಲೆಯನ್ನು ಅಳಿಸಿ ಟೈ ಹಾಕಿದ್ದರು. ಕೆಳಗೆ “ಪಾಸ್ಟರ್ ಸುನಿಲ್‌ಕುಮಾರ್ ಮತ್ತು ಪಾಸ್ಟರಮ್ಮ ಕವಿತ” ಎಂದಿತ್ತು. ಕೆಲಸದಿಂದ ಬಂದ ಸುನಿಲ್ ಬೈಕಿನ ಮೇಲೆ ಕುಳಿತೇ ಅದನ್ನು ಓದಿದ.

“ಅಮ್ಮ, ಲೈನ್ ಸೂಪರ್‌ವೈಸರ್ ಇದೇ ರೋಡಲ್ಲಿ ಓಡಾಡ್ತಾನೆ. ನಾಳೆಯಿಂದ ಎಲ್ರೂ ಸ್ತೋತ್ರ ಗುರು, ಸ್ತೋತ್ರ ಗುರು ಅಂತ ರೇಗಿಸ್ತಾರೆ.”

“ಅನ್ಲಿ ಬಿಡು. ಬೈಗುಳ ಅಲ್ಲವಲ್ಲ.”

“ನಿಂಗೆ ಬೈಗುಳ ಅಲ್ಲ.”

ಕವಿತಳಿಗೆ ಬೇರೆ ಕೆಲಸ ಕಾದಿತ್ತು. ಮುನಿರಾಜ್ ಒಂದು ನೋಟ್‌ಬುಕ್ ತಂದು ಅವಳ ಮುಂದೆ ಇಟ್ಟರು. ಪ್ರತಿ ವಾರ ಅವಳು ಭಾನುವಾರ ಸಭೆಗೆ ಹೇಳುವ ಪ್ರಸಂಗ ಬರೆಯಬೇಕು, ಸುನಿಲ್ ನೋಡಿಕೊಂಡು ಓದುತ್ತಾನೆ.

“ಮಾತು ನಂದು, ಬಾಯಿ ಅವರ್ದಾ?”

“ಮನೆಯೊಳಗಿನ ಸಂಗತಿ. ಹೊರಗೆ ಯಾರಿಗೆ ಗೊತ್ತಾಗುತ್ತೆ?”

“ದೇವರಿಗೆ ಗೊತ್ತಾಗಲ್ವಾ ಮಾವ? ಅವನೂ ಹೊರಗಿನೋನಾ?”

ಅವಳು ಬರೆಯಲಿಲ್ಲ. ನೋಟ್‌ಬುಕ್ ನಾಲ್ಕು ದಿನ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಐದನೆಯ ದಿನ ಅಂಜಿನಮ್ಮ ಅದರಲ್ಲಿ ಗ್ಯಾಸ್ ಬುಕ್ ಮಾಡಿದ ತಾರೀಖು ಬರೆದಳು.

ಗಂಡಹೆಂಡತಿ ಮಾತಾಡಿದ್ದು ಶನಿವಾರ ಬೆಳಿಗ್ಗೆ, ತಾರಸಿಯ ಮೇಲೆ ಬಟ್ಟೆ ಹಾಕುವಾಗ.

“ಬೇಡ ಅಂತ ನೀವೇ ಹೇಳ್ರೀ,” ಎಂದಳು ಕವಿತ. “ನಾಲ್ಕು ವರ್ಷದಿಂದ ನೀವು ಕರ್ತನ ಭೋಜನ ತಗೊಂಡಿಲ್ಲ ಅಂತ ನಂಗೊತ್ತು.”

ಸುನಿಲ್ ಒದ್ದೆ ಬೆಡ್‌ಶೀಟ್ ಹಿಡಿದು ನಿಂತುಕೊಂಡ. ಪ್ರತಿ ತಿಂಗಳ ಮೊದಲ ಭಾನುವಾರ, ಕರ್ತನ ಶರೀರ, ರಕ್ತವೆಂದು ಕೊಡುವ ರೊಟ್ಟಿಯ ಚೂರು, ದ್ರಾಕ್ಷಾರಸದ ಪುಟ್ಟ ಲೋಟಗಳ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಹೋಗುವವನು ಅವನೇ. ಹಂಚುವವನನ್ನು ನೀನು ತಗೊಂಡ್ಯಾ ಎಂದು ಯಾರೂ ಕೇಳುವುದಿಲ್ಲ.

“ಯಾವಾಗಿಂದ ಗೊತ್ತು?”

“ಮೊದಲನೇ ತಿಂಗಳಿಂದ.”

“ನಂಬಿಕೆ ಬರ್ತಿಲ್ಲ ಕಣೇ. ಬಾ ಅಂದ್ರೆ ಬರುತ್ತಾ? ಸುಮ್ನೆ ಹಲ್ಲು ಕಚ್ಕೊಂಡು ನಿಂತ್ಕೊತೀನಿ.”

“ಅದನ್ನೇ ಮಾವಂಗೆ ಹೇಳಿ.”

“ಹೇಳಿದ್ರೆ ಉಳ್ದಿರೋ ಗಂಟ್ಲೂ ಹೋಗುತ್ತೆ. ಅಭಿಷೇಕದ ಎಣ್ಣೆ ಹಚ್ಲಿ, ಏನಾಗುತ್ತೆ? ತಲೆ ತೊಳ್ಕೊಂಡ್ರಾಯ್ತು.”

“ನಿಮಗೆ ಬೇಡದ್ದನ್ನ ನಿಮ್ಮ ತಲೆಗೆ ಸುರೀತಾರೆ. ಬೇಕು ಅನ್ನೋಳ್ನ ಅನ್ನ ಬಡಿಸೋಕೆ ಕಳಿಸ್ತಾರೆ.”

“ನಂಗೂ ಅದೇ ಕೋಪ. ನಿನ್ನ ಮೇಲೂ ಕೋಪ. ನೀನು ಇಷ್ಟೊಂದು ನಂಬ್ದೇ ಇದ್ದಿದ್ರೆ ನಾನು ಇಷ್ಟು ಕೆಟ್ಟೋನ ಥರ ಕಾಣ್ತಿರ್ಲಿಲ್ಲ,” ಎಂದು ಬೆಡ್‌ಶೀಟನ್ನು ತಂತಿಗೆ ಎಸೆದು ಕೆಳಗಿಳಿದು ಹೋದ.

ಅಭಿಷೇಕ ನಡೆಯಿತು. ಹೊಸಕೋಟೆಯ ಪಾಸ್ಟರ್ ಸುನಿಲನ ತಲೆಯ ಮೇಲೆ ಎಣ್ಣೆ ಸುರಿದು, ಎರಡೂ ಕೈಯಿಟ್ಟು, ಮುಕ್ಕಾಲು ಗಂಟೆ ಪ್ರಾರ್ಥಿಸಿದರು. ಮುನಿರಾಜ್ ಅತ್ತರು. ಅಂಜಿನಮ್ಮ ಅತ್ತಳು. ಸುನಿಲನ ಹೊಸ ಶರ್ಟಿನ ಕಾಲರು ನೆನೆದು ಹಳದಿಯಾಯಿತು. ಚಿಕನ್ ಊಟ ಮುಗಿದ ಮೇಲೆ ಮುನಿರಾಜ್ ಸೊಸೆಯ ಮುಂದೆ ಕೈ ಚಾಚಿದರು.

“ಬೀಗದ ಕೈ.”

“ಶುಕ್ರವಾರಕ್ಕೆ ಬೇಕು ಮಾವ.”

“ಶುಕ್ರವಾರದ್ದೂ ಇನ್ಮೇಲೆ ಪಾಸ್ಟರೇ ನೋಡ್ಕೊತಾರೆ.”

ಶುಕ್ರವಾರ ಸಂಜೆ ಪಾಸ್ಟರ್ ಸುನಿಲ್ ಫ್ಯಾಕ್ಟರಿಯಲ್ಲಿದ್ದ. ಹೆಂಗಸರು ಬಂದು ಬೀಗ ನೋಡಿ, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು, ಎದ್ದು ಹೋದರು. ಎರಡನೇ ಶುಕ್ರವಾರ ಅರ್ಧ ಜನ ಬಂದರು. ಕವಿತ ಅಡುಗೆಮನೆಯ ಕಿಟಕಿಯಿಂದ ಅದನ್ನೆಲ್ಲ ನೋಡುತ್ತ ಸೊಪ್ಪು ಬಿಡಿಸಿದಳು. ಅಂಜಿನಮ್ಮನಿಗೆ ಪಾಪ ಅನ್ನಿಸಿರಬಹುದು. ಆದರೆ ಆಡಿದ್ದು ಬೇರೆ: “ಕಡ್ಡಿಗಿಡ್ಡಿ ಎಲ್ಲ ಬಿಟ್ಟಿದೀಯ, ಸರಿಯಾಗಿ ಆಯಿ.”

ಮೇ ಮೊದಲ ಬುಧವಾರ ಮುನಿರಾಜ್ ಗಂಟಲಿನ ಪರೀಕ್ಷೆಗೆಂದು ಬೆಂಗಳೂರಿನ ಆಸ್ಪತ್ರೆ ಸೇರಿದರು. ಜೊತೆಗೆ ಅಂಜಿನಮ್ಮ ಹೋಗಿದ್ದಳು. ಆ ಸಂಜೆ ಕವಿತಳಿಗೆ ದಿವ್ಯಳ ಫೋನು ಬಂತು. ದಿವ್ಯ ಗಾರ್ಮೆಂಟ್ಸ್ ಹುಡುಗಿ. ಅವಳ ಅಜ್ಜಿ ಅಮ್ಮಯಮ್ಮ ಮಂದಿರದ ಮೊದಲ ಐದು ಜನರಲ್ಲಿ ಒಬ್ಬಳು, ಮಗ್ಗದ ಕಾಲದಿಂದ ಮುನಿರಾಜ್ ಅವರನ್ನು ಬಲ್ಲವಳು. ಮೂರು ವಾರದಿಂದ ಹಾಸಿಗೆ ಹಿಡಿದಿದ್ದಳು.

“ಅಕ್ಕ, ಅಜ್ಜಿ ಬೆಳಿಗ್ಗೆಯಿಂದ ಒಂದೇ ಸಮ ರೊಟ್ಟಿ ಕೇಳ್ತಿದೆ. ತಿನ್ನೋ ರೊಟ್ಟಿ ಅಲ್ಲ. ಭಾನುವಾರದ್ದು.”

ಕವಿತ ಅತ್ತೆಗೆ ಫೋನು ಮಾಡಿದಳು. “ಅಭಿಷೇಕ ಆಗಿರೋನು ಮನೇಲಿದಾನಲ್ಲ, ಅವನ್ನ ಕಳ್ಸು,” ಎಂದು ಅಂಜಿನಮ್ಮ ಇಟ್ಟುಬಿಟ್ಟಳು.

“ನಾ ಹೋಗಲ್ಲ,” ಎಂದ ಸುನಿಲ್. “ಮೈಕ್ ಮುಂದೆ ಭಾನುವಾರ ಸುಳ್ಳಾಡ್ತೀನಿ, ಸರಿ. ಸಾಯ್ತಿರೋ ಮುದುಕಿ ಮುಂದೆ ಆಡಲ್ಲ. ನೀನೇ ಹೋಗು.”

“ನಂಗೆ ಅಧಿಕಾರ ಇಲ್ವಲ್ಲ.”

“ಅಧಿಕಾರ ನನ್ನ ತಲೇಲಿ ಇನ್ನೂ ಜಿಡ್ಡು ಜಿಡ್ಡಾಗಿದೆ. ಬೇಕಾದ್ರೆ ಒರೆಸ್ಕೊಂಡು ಹೋಗು.”

ಅವಳು ನಗಲಿಲ್ಲ. ಉಪ್ಪಿಲ್ಲದ ಒಂದು ಚಪಾತಿ ಬೇಯಿಸಿಕೊಂಡಳು. ದೇವನಹಳ್ಳಿ ಕಡೆಯ ಕಪ್ಪು ದ್ರಾಕ್ಷಿ ಕುದಿಸಿ ಅತ್ತೆ ಫ್ರಿಜ್ಜಿನಲ್ಲಿಟ್ಟಿದ್ದ ರಸದಲ್ಲಿ ಒಂದು ಲೋಟದಷ್ಟನ್ನು ಬಾಟಲಿಗೆ ತುಂಬಿಕೊಂಡು ಸ್ಕೂಟರ್ ಹತ್ತಿದಳು.

ಅಮ್ಮಯಮ್ಮನ ಮನೆ ಒಂದು ವಠಾರದ ಮೊದಲ ಮಹಡಿಯ ಒಂಟಿ ರೂಮು. ಅಲ್ಲೇ ಮಂಚ, ಅಲ್ಲೇ ಸ್ಟವ್. ಕವಿತ ಪ್ರಾರ್ಥನೆ ಮಾಡಿ ಚಪಾತಿ ಮುರಿದು ಒಂದು ಚೂರನ್ನು ಅಜ್ಜಿಯ ಬಾಯಿಗಿಟ್ಟಳು. ಹಲ್ಲಿಲ್ಲದ ಬಾಯಿ, ನಾಲಿಗೆ ಒಣಗಿತ್ತು. ಚೂರು ಗಂಟಲಿಗೆ ಹೋಗದೆ ಕೆಮ್ಮಿನ ಜೊತೆ ಹೊರಗೆ ಬಂತು. ಮುದುಕಿಯ ಕಣ್ಣಲ್ಲಿ ನೀರು ತುಂಬಿತು.

“ನಂಗಿಲ್ಲ ಬಿಡವ್ವ ಅದು.”

ದಿವ್ಯ ಅಷ್ಟು ಹೊತ್ತಿಗೆ ಮುದ್ದೆ ತೊಳಸಿ ಇಳಿಸಿದ್ದಳು. ಕವಿತ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಒದ್ದೆ ಮಾಡಿಕೊಂಡು ಕಡಲೆಕಾಳಿನಷ್ಟು ಮುರಿದು, ದ್ರಾಕ್ಷಾರಸದಲ್ಲಿ ಅದ್ದಿ, ಮಾವ ಮೂವತ್ತು ವರ್ಷ ಹೇಳಿದ್ದ ಮಾತುಗಳನ್ನೇ ಹೇಳಿದಳು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಅಮ್ಮಯಮ್ಮ ನುಂಗಿದಳು.

“ಆಯ್ತು,” ಎಂದು ಕಣ್ಣು ಮುಚ್ಚಿಕೊಂಡಳು.

ಮಾರನೆಯ ದಿನ ಮಧ್ಯಾಹ್ನ ಮಾವ ಅತ್ತೆ ಬಂದು ಊಟಕ್ಕೆ ಕುಳಿತಾಗ, ಬೇರೆಯವರಿಂದ ತಿಳಿಯುವುದಕ್ಕಿಂತ ಮೊದಲೇ ಹೇಳಿಬಿಡುವುದು ಸರಿಯೆಂದು ಕವಿತಳೇ ಹೇಳಿದಳು. ಅಂಜಿನಮ್ಮನ ಕೈ ಬಾಯಿಗೆ ಹೋಗಲಿಲ್ಲ.

“ಮುದ್ದೇಲಾ? ಕರ್ತನ ಶರೀರ ಅಂತ ಮುದ್ದೆ ಮುರ್ದ್ಯಾ?”

“ಆ ಅಜ್ಜಿ ಹುಟ್ಟಿದಾಗಿಂದ ತಿಂದಿರೋದು ಅದೇ ಅತ್ತೆ. ಬೇರೇದು ಇಳೀಲಿಲ್ಲ.”

“ನನ್ನ ದ್ರಾಕ್ಷಿರಸ ಬೇರೆ ಕದ್ಕೊಂಡು ಹೋಗಿದೀಯ.”

ಮುನಿರಾಜ್ ಕೈ ಎತ್ತಿ ಹೆಂಡತಿಯನ್ನು ಸುಮ್ಮನಿರಿಸಿದರು. “ಅದು ಲೆಕ್ಕಕ್ಕಿಲ್ಲ,” ಎಂದರು.

“ಯಾವ್ದು ಮಾವ? ಮುದ್ದೆನಾ, ನಾನಾ?”

“ಎರಡೂ.”

“ನಂಬಿದೋರೆಲ್ಲ ಯಾಜಕರು ಅಂತ ನೀವೇ ಹೇಳಿದ್ದು. ನಾನು ಅದನ್ನ ನಂಬ್ಬಿಟ್ಟೆ.”

“ನಾಳೆ ನಾನೇ ಹೋಗಿ ಸರಿಯಾಗಿ ಕೊಡ್ತೀನಿ. ಅವಳು ತಗೊಂಡ ಮೇಲೆ ನೀನು ಭಾನುವಾರ ಸಭೆ ಮುಂದೆ ನಿಂತು, ನಂದು ತಪ್ಪಾಯ್ತು, ಇನ್ಮೇಲೆ ಯಾರ ಮನೆಗೂ ಪ್ರಾರ್ಥನೆಗೆ ಹೋಗಲ್ಲ ಅಂತ ಹೇಳ್ಬೇಕು.”

“ಅಪ್ಪ, ಕಳಿಸಿದ್ದು ನಾನು,” ಎಂದ ಸುನಿಲ್.

“ನಿನ್ನ ಸರದಿ ಆಮೇಲೆ.”

“ಅಜ್ಜಿ ತಗೊಳ್ದೆ ಇದ್ರೆ?” ಎಂದು ಕೇಳಿದಳು ಕವಿತ.

“ತಗೊಳ್ತಾಳೆ. ಅವಳನ್ನ ನೀರಲ್ಲಿ ಮುಳುಗಿಸಿ ಎತ್ತಿದ್ದು ಈ ಕೈ.”

“ತಗೊಳ್ದೆ ಇದ್ರೆ ನಾನು ಭಾನುವಾರ ಬಾಯಿ ಬಿಡಲ್ಲ.”

“ಬಿಡ್ಬೇಡ.”

ಶುಕ್ರವಾರ ಬೆಳಿಗ್ಗೆ ಸುನಿಲ್ ಶಿಫ್ಟಿಗೆ ಹೋಗಿದ್ದ. ಮುನಿರಾಜ್ ಬಿಳಿ ಬಟ್ಟೆ ಹಾಕಿಕೊಂಡು, ಹೆಂಡತಿ ಮಾಡಿಕೊಟ್ಟ ಉಪ್ಪಿಲ್ಲದ ಚಪಾತಿಯನ್ನು ಒಗೆದ ವಸ್ತ್ರದಲ್ಲಿ ಸುತ್ತಿಕೊಂಡು, ಸೊಸೆಯ ಸ್ಕೂಟರಿನ ಹಿಂದೆ ಕುಳಿತರು. ದಾರಿಯಲ್ಲಿ ಫ್ಯಾಕ್ಟರಿ ಬಸ್ಸುಗಳ ಹಿಂದೆ ನಿಂತು ನಿಂತು ಹೋಗಬೇಕಾಯಿತು.

ಅಮ್ಮಯಮ್ಮ ದಿಂಬಿಗೆ ಒರಗಿ ಕುಳಿತಿದ್ದಳು. ಎರಡು ದಿನದಲ್ಲಿ ಸ್ವಲ್ಪ ಚೇತರಿಸಿಕೊಂಡಂತಿತ್ತು. ಮುನಿರಾಜ್ ಮಂಚದ ಅಂಚಿಗೆ ಕುಳಿತು, ಪಿಸುದನಿಯಲ್ಲಿ ಪ್ರಾರ್ಥಿಸಿ, ರೊಟ್ಟಿ ಮುರಿದು, ಅವಳ ಕಿವಿಯ ಹತ್ತಿರ ಬಾಗಿದರು.

“ರೊಟ್ಟಿ ತಂದಿದೀನಿ ಅಮ್ಮಯಮ್ಮ.”

“ಮೊನ್ನೆ ಆಯ್ತಲ್ಲ.”

“ಅದು ಕ್ರಮ ಅಲ್ಲ.”

“ಇಳೀತು ಕಣಪ್ಪ. ಹೊಟ್ಟೇಲಿ ನಿಂತ್ಕೊಂತು. ನೀ ಹೇಳೋ ಮಾತೇ ಹೇಳಿ ಕೊಟ್ಲು ನಿನ್ನ ಸೊಸೆ.”

“ಇನ್ನೊಂದ್ಸಲ ತಗೊಂಡ್ರೆ ತಪ್ಪೇನಿಲ್ಲ.”

ಅಮ್ಮಯಮ್ಮ ಅವರನ್ನೂ, ಬಾಗಿಲ ಪಕ್ಕ ಚಾಪೆಯ ಮೇಲೆ ಕುಳಿತಿದ್ದ ಕವಿತಳನ್ನೂ ನೋಡಿದಳು.

“ತಪ್ಪಿಲ್ದೆ ಇದ್ರೆ ಗಂಟ್ಲು ನೋವಲ್ಲಿ ಯಾಕೆ ಬಂದೆ ಮುನಿರಾಜು? ಮೊದಲ್ನೇದು ಸುಳ್ಳು ಅಂತ ನನ್ನ ಬಾಯಲ್ಲಿ ಅನ್ನಿಸ್ಬೇಕು ನಿಂಗೆ. ನಾನು ಅನ್ನಲ್ಲ.”

ತುಟಿ ಬಿಗಿದಳು. ಮುನಿರಾಜ್ ರೊಟ್ಟಿಯ ಚೂರನ್ನು ಅವಳ ತುಟಿಯ ಹತ್ತಿರವೇ ಹಿಡಿದಿದ್ದರು. ತೋಳು ಸೋಲುವವರೆಗೂ ಹಿಡಿದಿದ್ದರು. ತುಟಿ ತೆರೆಯಲಿಲ್ಲ.

ಪ್ರಾರ್ಥನೆಯಾದ ರೊಟ್ಟಿಯನ್ನು ಮನೆಗೆ ವಾಪಸು ಒಯ್ಯಬಾರದು, ಯಾರಾದರೂ ವಿಶ್ವಾಸಿ ತಿಂದು ಮುಗಿಸಬೇಕು ಎಂಬುದು ಅವರ ಮಂದಿರದ ಪದ್ಧತಿ. ಮುನಿರಾಜ್ ತಿರುಗಿ ಕೈಯನ್ನು ಸೊಸೆಯ ಕಡೆಗೆ ಚಾಚಿದರು.

“ನನ್ನ ಕೈ ಲೆಕ್ಕಕ್ಕಿಲ್ಲ ಅಂದ್ಮೇಲೆ ಬಾಯೂ ಲೆಕ್ಕಕ್ಕಿಲ್ಲ ಮಾವ,” ಎಂದಳು ಕವಿತ.

ಅವರೇ ತಿಂದರು. ಇಡೀ ಚಪಾತಿಯನ್ನು ಚೂರು ಚೂರಾಗಿ, ಒಂದೊಂದಕ್ಕೂ ಕಣ್ಣು ಮುಚ್ಚಿ ನುಂಗಿದರು. ನಡುವೆ ಕೆಮ್ಮು ಬಂದು ಮುಖ ಕಪ್ಪಿಟ್ಟಿತು. ನೀರು ತಂದುಕೊಟ್ಟವಳು ದಿವ್ಯ. ಕವಿತ ಕುಳಿತಲ್ಲಿಂದ ಏಳಲಿಲ್ಲ. ಏಳಬೇಕಿತ್ತೋ ಏನೋ.

ವಸ್ತ್ರ ಮಡಚಿಕೊಂಡು ಅವರು ಬಾಗಿಲ ಹತ್ತಿರ ಹೋದಾಗ ಅಮ್ಮಯಮ್ಮ ಕೇಳಿದಳು: “ಕವಿತಮ್ಮ, ಇವತ್ತು ಶುಕ್ರವಾರ ಅಲ್ವಾ? ಮಂದಿರಕ್ಕೆ ಬೀಗ ಅಂತೆ. ಇಲ್ಲಿ ಹತ್ತು ಜನ ಹಿಡೀತಾರೆ. ಸಂಜೆ ಬರ್ರವ್ವ.”

“ಬರ್ತೀವಿ ಅಜ್ಜಿ. ನಾನು ಇಲ್ಲೇ ಕೂತು ಈಗ್ಲೇ ಎಲ್ರಿಗೂ ಫೋನ್ ಮಾಡ್ತೀನಿ.”

ಮುನಿರಾಜ್ ಹೊಸ್ತಿಲಲ್ಲಿ ನಿಂತು ತಿರುಗಿದರು. ಕತ್ತಿನ ನರ ಉಬ್ಬಿತು. “ಯಾರ ಅಪ್ಪಣೆ ಮೇಲೆ?” ಎಂದರು. ಎಷ್ಟು ಜೋರು ಮಾಡಿದರೂ ಅದು ಪಿಸುಮಾತೇ ಆಯಿತು, ಮಂಚದವರೆಗೆ ಮುಟ್ಟಲಿಲ್ಲ.

“ಏನಂತಾನೆ ಮುನಿರಾಜು?” ಎಂದು ಅಮ್ಮಯಮ್ಮ ಕೇಳಿದಳು.

ಕವಿತ ಮಾವನ ಮುಖ ನೋಡಿದಳು. ಅವಳು ಏನು ಹೇಳುತ್ತಾಳೆಂದು ಅವರು ಕಾಯುತ್ತಿದ್ದರು.

“ಏನಿಲ್ಲ ಅಜ್ಜಿ,” ಎಂದಳು. “ಬಸ್ಸಲ್ಲಿ ಹೋಗ್ತಾರಂತೆ.”